ದಾರಿ ತಪ್ಪಿದರೆ ಸೊನ್ನೆ

ಭದ್ರಾವತಿಯಲ್ಲಿ ನಮಗೆ ಗಣಿತ ಕಲಿಸಿದ ಮೇಷ್ಟ್ರು, ಪಕ್ಕದವನನ್ನು ನೋಡಿ ಬರೆದ ಲೆಕ್ಕಕ್ಕೆ ಕೆಂಪು ಪೆನ್ಸಿಲಿನಲ್ಲಿ ತೀರ್ಪು ಬರೆಯುತ್ತಿದ್ದರು: 'ಉತ್ತರ ಸರಿ, ದಾರಿ ತಪ್ಪು. ಸೊನ್ನೆ.'

ನಿವೃತ್ತರಾದ ಮೇಲೆ ಅವರು ದೊಡ್ಡದೊಂದು ಜಾಲತಾಣದಲ್ಲಿ ಅಂಕಣ ಬರೆದರು. ಸಾವಿರಾರು ಓದುಗರಾದರು. ಅದೇ ತಾಣ, ನೆರೆಯವರನ್ನು ಊರು ಬಿಡಿಸಿ ಎಂದು ಬರೆಯುವವನನ್ನೂ ಮೆರೆಸತೊಡಗಿತು. ಮೇಷ್ಟ್ರು ಆಕ್ಷೇಪಿಸಿದರೆ, 'ಆ ಲೇಖಕರಿಗೂ ಓದುಗರಿದ್ದಾರೆ' ಎಂಬ ಉತ್ತರ ತಾಣದವರಿಂದ ಬಂತು. ಅಂದೇ ತಮ್ಮ ಬರಹಗಳನ್ನೆಲ್ಲ ಅಲ್ಲಿಂದ ತೆಗೆದರು. ಕರಿಹಲಗೆಯಷ್ಟೇ ಅಲಂಕಾರವಿರುವ ಸ್ವಂತ ತಾಣ ಕಟ್ಟಿಕೊಂಡರು.

'ಅಲ್ಲಿ ಅಷ್ಟು ಜನ ಓದ್ತಿದ್ರಲ್ಲ ಸಾರ್' ಎಂದೆ.

'ಉತ್ತರ ಸರಿ, ದಾರಿ ತಪ್ಪು, ಮಾರಾಯ.'

ಹೊಸ ವಿಳಾಸದ ಚೀಟಿಗಳನ್ನು ಶಿವಮೊಗ್ಗದ ಬಸ್ಸಿನಲ್ಲಿ ತಾವೇ ಹಂಚಿದರು. ವಾರದ ಕೊನೆಗೆ ತಾಣ ಹನ್ನೊಂದು ಭೇಟಿ ತೋರಿಸಿತು.

'ಮೂರು ಸಲ ನಾನೇ ನೋಡಿದ್ದು. ಕಳಿ.'

'ಎಂಟು, ಸಾರ್.'

ಮೇಷ್ಟ್ರು ಕನ್ನಡಕ ಏರಿಸಿ ಮುಂದಿನ ಲೇಖನಕ್ಕೆ ಕೂತರು. 'ದಾರಿ ಸರಿ. ಪೂರ್ತಿ ಅಂಕ.'