ಸಿಮೆಂಟಿನ ಹಿಂದೆ ನೆನೆದ ಗೋಡೆ

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಪಾಂಡವಪುರದಲ್ಲಿ ಕಟ್ಟಡಗಳ ಕಿರಿಯ ಎಂಜಿನಿಯರ್ ಆಗಿದ್ದೆ. ಕಚೇರಿಯಲ್ಲಿ ನಾನೊಬ್ಬಳೇ ಹೆಂಗಸು. ಎಲ್ಲರೂ ಗೌರವದಿಂದ ನಡೆದುಕೊಳ್ಳುತ್ತಿದ್ದರು; ಆ ಗೌರವವೇ ಒಂದು ದೂರವಾಗಿತ್ತು. ನನ್ನ ಊರು ಒಂದು ರಾತ್ರಿಯ ಬಸ್ಸಿನ ದಾರಿ. ಸಂಜೆ ಬಾಡಿಗೆ ಕೋಣೆಯ ಬೀಗ ತೆಗೆದರೆ, ಬೆಳಿಗ್ಗೆ ಕಾಫಿ ಕುಡಿದಿಟ್ಟ ಲೋಟ ಇಟ್ಟ ಜಾಗದಲ್ಲೇ ಇರುತ್ತಿತ್ತು.

ಒಂದು ವರ್ಷ ನವೆಂಬರಿನಲ್ಲಿ ಸೈಕ್ಲೋನ್ ಮಳೆ ಹಿಡಿಯಿತು. ಚಳಿಗಾಲದ ಈ ಜಡಿಮಳೆ ಮುಂಗಾರಿನ ಹಾಗೆ ಹೊಡೆದು ಹೋಗುವುದಿಲ್ಲ. ಸಣ್ಣಗೆ ಹನಿಯುತ್ತ, ಬಿಸಿಲಿಗೆ ಎಡೆ ಕೊಡದೆ ದಿನಗಟ್ಟಲೆ ಕೂರುತ್ತದೆ. ಮಣ್ಣಿನ ಮನೆಗಳಿಗೆ ಅದೇ ಅಪಾಯ. ಗೋಡೆ ಹೀರಿದ ನೀರು ಆರುವುದೇ ಇಲ್ಲ. ಮಳೆ ನಿಂತ ಮೇಲೆ, ಯಾವ ಮನೆ ವಾಸಕ್ಕೆ ಯೋಗ್ಯ, ಯಾವುದಲ್ಲ ಎಂದು ನೋಡಿ ಬರಲು ನನ್ನನ್ನು ಚಿನಕುರಳಿಗೆ ಕಳಿಸಿದರು.

ಜಯಮ್ಮನವರ ಮನೆ ನೋಡುವುದೇ ಬೇಡ ಎಂದು ಕಚೇರಿಯಿಂದ ಜೊತೆಗೆ ಬಂದವರು ಹೇಳಿದರು. ಅದು ಸಿಮೆಂಟ್ ಪ್ಲಾಸ್ಟರ್ ಆಗಿ ತಿಳಿಹಸಿರು ಬಣ್ಣ ಬಳಿದುಕೊಂಡು, ಸಾಲಿನಲ್ಲೇ ಚೆನ್ನಾಗಿ ಕಾಣುತ್ತಿದ್ದ ಮನೆ. ಆದರೆ ಬೀದಿಗೆ ಜಲ್ಲಿ ಸುರಿದೂ ಸುರಿದೂ, ಬೀದಿಯೇ ಮನೆಯ ನೆಲಕ್ಕಿಂತ ಎತ್ತರವಾಗಿತ್ತು. ಗೋಡೆಯ ಬುಡದಲ್ಲಿ ನೀರು ನಿಂತಿತ್ತು. ಒಳಗೆ ಹೋದರೆ ಮುಗ್ಗಲು ವಾಸನೆ.

ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತ ಹೋದೆ. ಗಟ್ಟಿ ಗೋಡೆ ಮೊಂಡಾಗಿ ಸದ್ದು ಕೊಡುತ್ತದೆ. ಬೀದಿಯ ಬದಿಯ ಗೋಡೆ ಖಾಲಿ ಡಬ್ಬದಂತೆ ಸದ್ದು ಮಾಡಿತು. ಸ್ಕ್ರೂಡ್ರೈವರಿನಿಂದ ಒಂದು ಚೂರು ಪ್ಲಾಸ್ಟರ್ ಎಬ್ಬಿಸಿದೆ. ಹಿಂದಿನ ಮಣ್ಣು ಕಲಸಿದ ಹಿಟ್ಟಿನಂತೆ ಬೆರಳಿಗೆ ಮೆತ್ತಿತು. ನೆಲದ ತೇವ ಗೋಡೆಯೊಳಗೆ ಮೇಲೇರುವುದನ್ನು ನಾವು ರೈಸಿಂಗ್ ಡ್ಯಾಂಪ್ ಎನ್ನುತ್ತೇವೆ. ಮಣ್ಣಿನ ಗೋಡೆ ಬರಿಯ ಸುಣ್ಣ ಕಂಡಿದ್ದರೆ ಆ ತೇವ ಹೊರಗೆ ಆರಿಹೋಗುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಅದಕ್ಕೆ ದಾರಿಯಿಲ್ಲ. ಹೊರಗೆ ಒಣಗಿದಂತೆ ಕಾಣುತ್ತದೆ, ಒಳಗೆ ಕೊಳೆಯುತ್ತದೆ.

ಜಯಮ್ಮನವರಿಗೆ ಆಗ ನಲವತ್ತೈದರ ಆಸುಪಾಸು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಎರಡು ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಬದುಕುತ್ತಿದ್ದರು.

"ಈ ಗೋಡೆ ಬೀಳುತ್ತೆ. ಇವತ್ತೇ ಮನೆ ಖಾಲಿ ಮಾಡಬೇಕು," ಎಂದೆ.

ಅವರು ಗೋಡೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಎಲ್ಲಿಗ್ ಓಗ್ಲವ್ವ? ಬಾ ಅನ್ನೋರು ಯಾರವ್ರೆ ನಂಗೆ?"

"ನನ್ನ ರೂಮಿಗೆ ಬನ್ನಿ."

"ಎಮ್ಮೆ ಯಾರ್ ಕರೀತಾರೆ?"

ಎದುರು ಮನೆ ಅವರ ಮೈದುನ ಬೋರೇಗೌಡರದು. ಆಸ್ತಿ ಪಾಲಾದ ಮೇಲೆ ಎರಡು ಮನೆಗೂ ಮಾತಿರಲಿಲ್ಲ. ನಾನು ಬೀದಿ ದಾಟಿ ಹೋಗಿ ವಿಷಯ ಹೇಳಿದೆ. ಬೋರೇಗೌಡರು ಹಗ್ಗ ಹೊಸೆಯುತ್ತಿದ್ದ ಕೈ ನಿಲ್ಲಿಸದೆ, "ಅವ್ಳೇ ಬಂದು ಕೇಳ್ಲಿ ಬುಡಿ ಮೇಡಮ್ಮ," ಎಂದರು. ಹಿಂದಿರುಗಿ ಬಂದರೆ ಜಯಮ್ಮ ಮಾತು ಮುಗಿಯಲೂ ಬಿಡಲಿಲ್ಲ. "ಸತ್ರೂ ಕೇಳಕ್ಕಿಲ್ಲ."

ಜೊತೆಗಿದ್ದವರು ಬಸ್ಸಿನ ಹೊತ್ತಾಯಿತೆಂದು ಅವಸರ ಮಾಡಿದರು. ಎಚ್ಚರಿಕೆ ಹೇಳಿಯಾಗಿತ್ತು, ಕಾಗದದ ಮಟ್ಟಿಗೆ ನನ್ನ ಕೆಲಸ ಮುಗಿದಿತ್ತು. ನಾನು ಹೊರಡಲಿಲ್ಲ. ಆ ಹೆಂಗಸಿನ ಹಟ ನನಗೆ ಪರಿಚಿತವೆನಿಸಿತು. ನನ್ನ ಕೋಣೆಯಲ್ಲಿ ಜ್ವರ ಬಂದು ಮಲಗಿದಾಗಲೂ ನಾನು ಪಕ್ಕದ ಮನೆಯ ಬಾಗಿಲು ತಟ್ಟಿದವಳಲ್ಲ.

"ನೀವು ಒಳಗೆ ಮಲಗೋದಾದ್ರೆ ನಾನೂ ನಿಮ್ಮ ಪಕ್ಕದಲ್ಲೇ ಮಲಗ್ತೀನಿ," ಎಂದು ಜಗಲಿಯ ಮೇಲೆ ಕೂತೆ.

ಜೊತೆಗಿದ್ದವರು ಹೋದರು. ಬಸ್ಸೂ ಹೋಯಿತು. ಆಮೇಲೆ ಜಯಮ್ಮ ಎದ್ದು ಚಾಪೆ, ಕಂಬಳಿ, ಗಂಡನ ಫೋಟೊ ತಂದು ಹಿತ್ತಲಿನ ಕೊಟ್ಟಿಗೆಯಲ್ಲಿಟ್ಟರು. "ಯಾರೋ ಎತ್ತ ಮಗ್ಳು ನೀನು, ನನ್ನಿಂದ ಸಾಯೋದ್ ಬ್ಯಾಡ. ಬಾ," ಎಂದರು. ರಾಗಿಮುದ್ದೆ, ಹುರುಳಿ ಬಸ್ಸಾರು ಬಡಿಸಿದರು. ಯಾರೋ ಎದುರಿಗೆ ಕೂತು ನಾನು ಉಣ್ಣುವುದನ್ನು ನೋಡಿ ಎಷ್ಟು ದಿನವಾಗಿತ್ತೋ. ಎಮ್ಮೆಗಳ ಉಸಿರಿನ ಬಿಸಿಯಲ್ಲಿ ಇಬ್ಬರೂ ಮಲಗಿದೆವು.

ಮರುದಿನ ಬಿಸಿಲು ಚೆನ್ನಾಗಿ ಬಂತು. ಜಯಮ್ಮ ಡೈರಿಗೆ ಹೋದರು. ನಾನೂ ಜೊತೆಗೆ ಹೋದೆ. ಇಬ್ಬರೂ ಮರಳಿ ಬೀದಿಯ ತಿರುವಿಗೆ ಬರುವಾಗ, ಮೂಟೆ ಇಳಿಸಿದಂಥ ಸದ್ದು ಕೇಳಿಸಿತು. ಅಷ್ಟೇ. ಗೋಡೆ ಒಳಮುಖವಾಗಿ ಕುಸಿದು, ಹೆಂಚು, ಸೂರಿನ ಬಿದಿರ ಗಳು ಎಲ್ಲ ಜಯಮ್ಮ ಮಲಗುತ್ತಿದ್ದ ಜಾಗದ ಮೇಲೆ ಬಿದ್ದಿದ್ದವು.

ನಾವು ಹತ್ತಿರ ಬಂದಾಗ ಬೋರೇಗೌಡರು ಮಣ್ಣಿನಲ್ಲಿ ಮೊಣಕಾಲೂರಿ ಬರಿಗೈಯಲ್ಲಿ ಅಗೆಯುತ್ತಿದ್ದರು. "ಅತ್ಗೆ, ಅತ್ಗೆ," ಎನ್ನುತ್ತಿದ್ದರು. ಉಗುರು ಕಿತ್ತು ರಕ್ತ ಬರುತ್ತಿತ್ತು. ಜಯಮ್ಮ ಖಾಲಿ ಕ್ಯಾನು ಹಿಡಿದು ಅವರ ಹಿಂದೆ ನಿಂತರು.

"ನಾನಿಲ್ಲೇ ಇವ್ನಿ ಕಣಪ್ಪ," ಎಂದರು.

ಬೋರೇಗೌಡರು ತಿರುಗಿ ನೋಡಿದರು. ಆ ಮಣ್ಣಿನ ಮೇಲೇ ಕೂತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಗುದ್ದಲಿ, ಮಂಕರಿ ತಂದರು.

ಉಳಿದ ಮೂರು ಗೋಡೆಗಳಿಗೆ ಆಸರೆ ಕೊಟ್ಟು ಉಳಿಸಿದೆವು. ಸಿಮೆಂಟನ್ನೆಲ್ಲ ಕಿತ್ತು, ಮಣ್ಣು ಪೂರ್ತಿ ಆರಿದ ಮೇಲೆ ಸುಣ್ಣದ ಗಾರೆ ಮಾಡಿಸಿದೆ. ಹೊಸ ಗೋಡೆಗೆ ಬೀದಿಗಿಂತ ಎತ್ತರದವರೆಗೆ ಕಲ್ಲಿನ ಕಟ್ಟು, ಬುಡದಲ್ಲಿ ನೀರು ಹರಿದುಹೋಗಲು ಚರಂಡಿ, ಸೂರಿನ ಹನಿ ಗೋಡೆಗೆ ಸಿಡಿಯದಂತೆ ಮುಂಚಾಚಿದ ಹೆಂಚು. ಜಡಿ ಹಿಡಿಯುವ ಮೊದಲೇ ಒಡೆದ ಹೆಂಚು ಬದಲಿಸಿ, ಚರಂಡಿ ಕೆರೆಸಿ ಎಂದು ಹೇಳಿದೆ. ಕಲ್ಲನ್ನು ಬೋರೇಗೌಡರೇ ಗಾಡಿಯಲ್ಲಿ ತಂದರು. ಕೆಲಸ ಮುಗಿಯುವವರೆಗೂ ಬಂದರು. ಆಮೇಲೆ ಬರಲಿಲ್ಲ. ಎರಡು ಮನೆಯ ನಡುವೆ ಹಬ್ಬದೂಟದ ತಟ್ಟೆ ಓಡಾಡಲು ಶುರುವಾಯಿತು, ಮಾತು ಓಡಾಡಲಿಲ್ಲ.

ಮುಂದಿನ ಚಳಿಗಾಲಕ್ಕೆ ನನಗೆ ನಾಗಮಂಗಲಕ್ಕೆ ವರ್ಗವಾಯಿತು. ಹೋಗುವ ಮೊದಲು ಗೋಡೆ ನೋಡಲು ಹೋದೆ. ಒಣಗಿ ಗಟ್ಟಿಯಾಗಿತ್ತು. ಜಯಮ್ಮ ಅದಕ್ಕೆ ಅಂಗೈ ಒತ್ತಿ, "ಬೆಚ್ಗೈತೆ ಕಣವ್ವ. ಒಳ್ಗೆ ಕುಂತ್ಕಂಡು ಮಾತಾಡಕ್ಕೆ ಜನ ಇಲ್ಲ, ಅಷ್ಟೆ," ಎಂದರು. ಬಸ್ಸಿನವರೆಗೂ ನಡೆದು ಬಂದರು.

ನೀರು ಗೋಡೆಯನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಓದಿಯೇ ಕೆಲಸಕ್ಕೆ ಸೇರಿದ್ದೆ. ಕೆಲಸ ಕಲಿಸಿದ್ದು ಬೇರೆ. ಮನೆ ಬಿಡಿ ಎಂದು ಯಾರಿಗಾದರೂ ಹೇಳುವ ಮೊದಲು, ಹೋಗಲು ಅವರಿಗೊಂದು ಜಾಗವಿದೆಯೇ ಎಂದು ಕೇಳಬೇಕು. ನಿವೃತ್ತಿಯವರೆಗೂ ಕೇಳಿದೆ. ಇಲ್ಲ ಎಂದವರೇ ಹೆಚ್ಚು.