ಇರುವೆಯ ವಿವರದಲ್ಲಿ ಹೊಡೆದುಹಾಕಿದ ಸಾಲು

ಎರ್ನಾಕುಲಂನ ಕೋರ್ಟಿನಲ್ಲಿ ನಾನು ಅನುವಾದಕಿ. ರಜೆಯ ದಿನಗಳಲ್ಲಿ ತಿರುವನಂತಪುರದ ಆಚೆಯ ಮಳೆಕಾಡಿಗೆ ಹೋಗಿ ಇರುವೆಗಳ ವಿವರ ಬರೆಯುವ ಗುಂಪೊಂದಕ್ಕೆ ಸೇರಿದ್ದೆ. ನಮಗೆ ಕಲಿಸುತ್ತಿದ್ದವರು ಅದೇ ನಗರದ ಶ್ರೀಕಾರ್ಯಂನಲ್ಲಿ ನೆಲೆಸಿದ್ದ, ಕಾಸರಗೋಡಿನ ನಿವೃತ್ತ ಮೇಷ್ಟ್ರು. ಕಂಡದ್ದನ್ನಷ್ಟೇ ಬರೆಯಬೇಕು, ಅನಿಸಿದ್ದನ್ನಲ್ಲ ಎಂಬುದು ಅವರ ನಿಯಮ.

ಆ ಬೆಳಿಗ್ಗೆ ಕೊಳೆತ ಎಲೆಗಳ ಮೇಲೆ ಒಂಟಿ ಇರುವೆಯೊಂದು ನಿಂತಿತ್ತು. ನಾನು ಮಂಡಿಯೂರಿ ಬರೆದುಕೊಂಡೆ: ಕೆಂಗಂದು ಮೈ, ಮುಂದಕ್ಕೆ ಚಾಚಿ ತುದಿಯಲ್ಲಿ ಮೇಲಕ್ಕೆ ಬಾಗಿದ ದವಡೆ, ದೊಡ್ಡ ಕಪ್ಪು ಕಣ್ಣು. ಚೆನ್ನಾಗಿ ಕಾಣಲೆಂದು ಎಡಕ್ಕೆ ಸರಿದೆ. ಅದರ ತಲೆ ನನ್ನತ್ತ ತಿರುಗಿತು. ಬಲಕ್ಕೆ ಸರಿದೆ. ಮತ್ತೆ ನನ್ನತ್ತಲೇ ತಿರುಗಿತು. ಕಾಡಿನ ಸೆಕೆಯಲ್ಲೂ ಬೆನ್ನು ತಣ್ಣಗಾಯಿತು. “ನನ್ನನ್ನೇ ನೋಡುತ್ತಿದೆ” ಎಂದು ಬರೆದೆ. ನಾಚಿಕೆಯಾಗಿ ಆ ಸಾಲನ್ನು ಹೊಡೆದುಹಾಕಿದೆ. ಅಷ್ಟರಲ್ಲಿ ಇರುವೆ ಎಲೆಗಳಡಿ ನುಸುಳಿತ್ತು.

ಸಂಜೆ ಮೇಷ್ಟ್ರು ನನ್ನ ಟಿಪ್ಪಣಿ ಪುಸ್ತಕ ಓದುತ್ತ ಹೊಡೆದ ಸಾಲಿನ ಮೇಲೆ ಬೆರಳಿಟ್ಟರು.

“ಇದೆಂತ?”

“ಅದು ನನ್ನ ಭ್ರಮೆ, ಸರ್.”

ಅವರು ನಕ್ಕುಬಿಡುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

“ಭ್ರಮೆ ಅಲ್ಲ ಮಾರಾಯ್ರೆ. ಇದು ಜಿಗಿಯುವ ಇರುವೆ. ಹೆಚ್ಚಿನ ಇರುವೆಗಳಿಗೆ ಕಣ್ಣು ಅಷ್ಟು ಕಾಣುದಿಲ್ಲ, ಇದು ನೋಡಿಯೇ ಬೇಟೆ ಆಡುದು. ನಿಮ್ಮನ್ನು ಸರಿಯಾಗಿ ನೋಡಿದೆ ಅದು.”

ಹೆಸರು ತಿಳಿದರೆ ಹೆದರಿಕೆ ಹೋಗುತ್ತದೆ ಎಂದು ನಂಬಿದ್ದವಳು ನಾನು. ಹೆದರಿಕೆ ಹೋಗಲಿಲ್ಲ; ಭ್ರಮೆಯೆಂಬ ಒಂದು ಸಮಾಧಾನವಿತ್ತು, ಅದೇ ಹೋಯಿತು. ಮರಳುವಾಗ ಉಳ್ಳೂರಿನ ಬಸ್ಸಿನಲ್ಲಿ ಕುಳಿತು ಆ ಸಾಲನ್ನು ಮತ್ತೆ ಬರೆದೆ.