ಮುಡಿ ಕೊಟ್ಟವಳಲ್ಲ

ನವಾಜನ ಅಂಗಡಿಯ ಕಂಪ್ಯೂಟರಿನಲ್ಲಿ ವನಜಾಕ್ಷಿಗೆ ಸೊಂಟದವರೆಗೆ ಜಡೆ ಬಂದಿತ್ತು. ಜಡೆಯ ಬುಡಕ್ಕೆ ದಂಡಿಯಾಗಿ ಮಲ್ಲಿಗೆ, ಕಿವಿಯ ಪಕ್ಕ ಒಂದು ಕೆಂಪು ಗುಲಾಬಿ. ಬದುಕಿದ್ದಾಗ ಅವಳಿಗೆ ಇಷ್ಟುದ್ದದ ಕೂದಲು ಯಾವತ್ತೂ ಇರಲಿಲ್ಲ. ಕೊನೆಯ ಮೂರು ವರ್ಷವಂತೂ ತಲೆಯ ಮೇಲೆ ಕೂದಲು ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು. ಸತ್ತು ಒಂದು ತಿಂಗಳಾಗುವಷ್ಟರಲ್ಲಿ ಎಲ್ಲಾ ಬೆಳೆದುಬಿಟ್ಟಿತ್ತು.

“ಹೆಂಗೈತಮ್ಮಾ?” ಎಂದ ನವಾಜ್. ಶಿರಾದಿಂದ ಬಂದು ಮಧುಗಿರಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿದ್ದ ಅವನು ವನಜಾಕ್ಷಿಯ ತಾಯಿ, ಹೂವಿನ ಚಿಕ್ಕಹನುಮಕ್ಕನ ಖಾಯಂ ಗಿರಾಕಿ. “ಭೀಮಣ್ಣ ಕೊಟ್ಟ ಫೋಟೋದಲ್ಲಿ ತಲೆಗೆ ಬಟ್ಟೆ ಕಟ್ಕೊಂಡಿದ್ರು. ಪಾಪ, ಚೆನ್ನಾಗಿ ಕಾಣಲ್ಲ ಅಂತ ನಾನೇ ಕೂದ್ಲು ಹಾಕ್ದೆ.”

“ಲಕ್ಷ್ಮಿ ಇದ್ದಂಗವ್ಳೆ ಕಣವ್ವ,” ಎಂದು ಮಗ ಭೀಮರಾಜು ಕಣ್ಣೊರೆಸಿಕೊಂಡ. ಆಟೋ ಓಡಿಸುವ ಅವನೂ ಅವನ ಸ್ನೇಹಿತರೂ ಸೇರಿ ತಂಗಿಯ ನೆನಪಿಗೆ ಬಸ್ ಸ್ಟ್ಯಾಂಡಿನಲ್ಲಿ ಈ ಫ್ಲೆಕ್ಸ್ ಕಟ್ಟುವುದೆಂದು ತೀರ್ಮಾನಿಸಿದ್ದರು. ಸರಿಯಾಗಿ ಚಿಕ್ಕಹನುಮಕ್ಕನ ಹೂವಿನ ಮೇಜಿನ ಮೇಲುಗಡೆ, ನಾಳೆ ಬೆಳಗ್ಗೆಗೆ.

ಚಿಕ್ಕಹನುಮಕ್ಕನ ಮೈ ಉರಿಯಿತು. ಮೂರು ವರ್ಷ ಅವಳು ಕಂಡಕಂಡ ದೇವರಿಗೆ ಕೈಮುಗಿದು ಬೇಡಿದ್ದು ಈ ಕೂದಲನ್ನೇ ತಾನೆ. ಈಗ ಬಂದಿದೆಯಲ್ಲ, ತೆಗೆದುಕೊಂಡು ಹೋಗಬಹುದಿತ್ತು. ಆದರೆ ಪರದೆಯ ಮೇಲೆ ನಗುತ್ತಿದ್ದವಳು ಯಾರ ಮನೆಯ ಹುಡುಗಿಯೋ.

ವನಜಾಕ್ಷಿಯಿಂದ ಅವಳು ಪಟ್ಟ ಪಾಡು ಒಂದೆರಡಲ್ಲ. ಕುತ್ತಿಗೆಯಲ್ಲಿ ಗಂಟು ಕಾಣಿಸಿ, ತುಮಕೂರು ಮುಗಿದು ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದ ಮೇಲೆ, ಮೊದಲ ಔಷಧಿಗೇ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಹುಡುಗಿ ಯಾರನ್ನೂ ಕೇಳದೆ ಹೋಗಿ ತಲೆ ಬೋಳಿಸಿಕೊಂಡು ಬಂದಳು. ಮದುವೆಯಾಗದ ಮಗಳು, ಊರೆಲ್ಲ ಬಾಯಿ. ಚಿಕ್ಕಹನುಮಕ್ಕ ಒಂದು ದಾರಿ ಹುಡುಕಿದಳು. ಮಗಳು ತಿರುಪತಿಗೆ ಮುಡಿ ಕೊಟ್ಟು ಬಂದಿದ್ದಾಳೆ ಎಂದು ಸಾರಿದಳು. ಸಾರಿದ್ದು ಸಾಲದೆಂದು ಬೇಕರಿಯಿಂದ ಲಾಡು ತಂದು, ಪ್ರಸಾದವೆಂದು ಅಕ್ಕಪಕ್ಕದ ಮನೆಗೆಲ್ಲ ಹಂಚಿದಳು.

ಪಕ್ಕದ ಮನೆಯವಳು ಲಾಡನ್ನು ಕಣ್ಣಿಗೊತ್ತಿಕೊಳ್ಳುವಾಗ ವನಜಾಕ್ಷಿ ಬಾಗಿಲಿಗೆ ಬಂದು ನಿಂತಳು. “ಅದು ಬೇಕ್ರಿ ಲಾಡು ಕಣಕ್ಕ, ಸುಮ್ಕೆ ತಿನ್ನು. ನಾನು ಮುಡಿ ಕೊಟ್ಟಿಲ್ಲ. ಔಷ್ದಿಗೆ ಉದುರಿದ್ದು. ಕ್ಯಾನ್ಸರ್ರು.”

ಅವತ್ತು ಚಿಕ್ಕಹನುಮಕ್ಕ ಹಣೆ ಹಣೆ ಚಚ್ಚಿಕೊಂಡಳು. ಅಲ್ಲಿಗಾದರೂ ಮುಗಿಯಿತೇ? ಮಗಳು ಹೂವಿನ ಅಂಗಡಿಗೆ ಬಂದು ಬೋಳುತಲೆಯಲ್ಲೇ ಕೂರುತ್ತಿದ್ದಳು. ಮುಡಿಯುವ ಹೂವನ್ನು ಮುಡಿಯೇ ಇಲ್ಲದವಳ ಕೈಯಲ್ಲಿ ಯಾರು ಕೊಳ್ಳುತ್ತಾರೆ ಎಂದು ತಾಯಿ ಬೈದರೆ, ಜನ ಅವಳ ಹತ್ತಿರವೇ ಕೊಳ್ಳುತ್ತಿದ್ದರು. ಅವಳ ಕೈ ಉದ್ದ, ಹಾಗಾಗಿ ಮೊಳವೂ ಉದ್ದ. ಅದೊಂದು ನಷ್ಟ ಬೇರೆ.

ಮೊದಲ ಸುತ್ತಿನ ಔಷಧಿ ಮುಗಿದು ಗಂಟು ಕರಗಿದಾಗ, ಇನ್ನು ತಡ ಮಾಡಬಾರದೆಂದು ಚಿಕ್ಕಹನುಮಕ್ಕ ಕೊರಟಗೆರೆಯಿಂದ ಒಂದು ಗಂಡು ಗೊತ್ತುಮಾಡಿದಳು. ಕೂದಲಿನ್ನೂ ಹುಲ್ಲಿನಷ್ಟೇ ಬಂದಿತ್ತು. ಅದಕ್ಕೊಂದು ಟೋಪನ್ ತಂದು ತೊಡಿಸಿ, ಪಿನ್ನು ಚುಚ್ಚಿ, ಮೇಲೆ ಕನಕಾಂಬರ ಮುಡಿಸಿದಳು. ಗಂಡಿನ ತಾಯಿ, “ಪರವಾಗಿಲ್ಲ, ಹುಡುಗೀಗೆ ಒಳ್ಳೆ ಕೂದ್ಲೈತೆ” ಎಂದಳು. ವನಜಾಕ್ಷಿ ಕಾಫಿ ಲೋಟಗಳನ್ನು ಕೊಟ್ಟು ಮುಗಿಸಿ, ಖಾಲಿಯಾದ ತಟ್ಟೆಯಲ್ಲಿ ಹೂವಿನ ಸಮೇತ ಟೋಪನ್ ತೆಗೆದಿಟ್ಟಳು. “ಮದ್ವೆ ಆದ್ಮೇಲೆ ಗೊತ್ತಾಗೋದಕ್ಕಿಂತ ಈಗ್ಲೇ ನೋಡ್ಕಳಿ” ಎಂದಳು. ಬಂದವರು ಅರ್ಧ ಕಾಫಿ ಬಿಟ್ಟು ಎದ್ದುಹೋದರು. ತಾಯಿ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬೈಯುವುದಕ್ಕಾದರೂ ಮಾತಾಡಬೇಕಾಯಿತು.

ಸುದ್ದಿ ಬಸ್ಸುಗಳಲ್ಲಿ ಊರೂರಿಗೆ ಹೋಯಿತು. ಸೆರಗಿನ ಮುಸುಕು ಹಾಕಿಕೊಂಡ, ಅದೇ ಕಾಯಿಲೆಯ ಹೆಂಗಸರು ಅಂಗಡಿಯ ಮುಂದೆ ಬಂದು ನಿಲ್ಲತೊಡಗಿದರು. ಪಾವಗಡದ ಕಡೆಯವರು, “ಅಕ್ಕಾ, ಆ ಗುಂಡು ಅಮ್ಮಾಯಿ ಯಾಡವ್ಳೆ?” ಎಂದು ತೆಲುಗು ಬೆರೆಸಿ, ಬೋಳುತಲೆಯ ಹುಡುಗಿಯನ್ನು ಕೇಳಿಕೊಂಡು ಪಿಸುಗುಟ್ಟುವರು. ಇಲ್ಲ, ಹೂ ಬೇಕಾದರೆ ತಗೊಳ್ಳಿ ಎಂದು ಚಿಕ್ಕಹನುಮಕ್ಕ ಸಾಗಹಾಕುವಷ್ಟರಲ್ಲಿ ವನಜಾಕ್ಷಿ ಬುಟ್ಟಿಯ ಹಿಂದಿನಿಂದ ಎದ್ದು ಬರುವಳು. ತನ್ನ ತಲೆ ಮುಟ್ಟಿ ನೋಡಲು ಬಿಡುವಳು. ನೋಯಲ್ಲ, ಮತ್ತೆ ಬರುತ್ತೆ ಎನ್ನುವಳು. ವಾಂತಿ ಬಂದರೆ ಏನು ಮಾಡಬೇಕು, ಆಸ್ಪತ್ರೆಯಲ್ಲಿ ಯಾವ ಸಾಲಿನಲ್ಲಿ ನಿಲ್ಲಬೇಕು ಎಂದು ಹೇಳುವಳು, ಧೈರ್ಯ ಸಾಲದವರನ್ನು ಮೊದಲ ಬಸ್ಸಿಗೆ ತಾನೇ ಕರೆದುಕೊಂಡು ಹೋಗುವಳು. ದೇವತೆಯ ಹಾಗೆ ಮೃದುವಾಗಿಯೇನೂ ಅಲ್ಲ. ಅಳುತ್ತಾ ಕೂತವರನ್ನು ಗದರಿಸಿ ಬಸ್ಸು ಹತ್ತಿಸುತ್ತಿದ್ದಳು. ಇತ್ತ ಕಟ್ಟಿದ ಮಲ್ಲಿಗೆ ಬಾಡಿಹೋಗುತ್ತಿತ್ತು.

ಕಾಯಿಲೆ ಎರಡನೇ ಸಲ ಬಂದಾಗಲೂ ಅದೇ ಹಾಡು. ವೈದ್ಯರು ಮನೆಯಲ್ಲೇ ಇರು ಎಂದಿದ್ದ ವಾರದಲ್ಲಿ, ವಳ್ಳೂರಿನಲ್ಲಿ ಯಾರೋ ಎದೆಯ ಗಂಟನ್ನು ಗಂಡನಿಗೆ ಹೇಳದೆ ಮುಚ್ಚಿಟ್ಟಿದ್ದಾಳೆಂದು ಬಿಸಿಲಲ್ಲಿ ಹೋಗಿ, ಜ್ವರ ಹೊತ್ತುಕೊಂಡು ಬಂದಳು.

“ಊರೋರ್ನೆಲ್ಲ ಉದ್ಧಾರ ಮಾಡಕ್ಕೋಯ್ತೀಯ. ಮೊದ್ಲು ನಿನ್ನ ನೀನು ನೋಡ್ಕೊ,” ಎಂದು ತಾಯಿ ಬಾಯಿಗೆ ಬಂದಂತೆ ಬೈದಳು.

“ನನ್ನ ನೋಡ್ಕೊಳಾಕೆ ನೀನಿದ್ದೀಯಲ್ಲವ್ವ. ಅವ್ರಿಗ್ಯಾರವ್ರೆ?” ಎಂದು ಮಗಳು ಗೋಡೆಯ ಕಡೆ ತಿರುಗಿ ಮಲಗಿದಳು. ಇಂಥವಳ ಹತ್ತಿರ ಜಗಳವಾದರೂ ಹೇಗೆ ಆಡುವುದು?

ಕೊನೆಯದಾಗಿ ಬಂದವಳು ದೊಡ್ಡೇರಿಯ ಮಂಜಮ್ಮ. ಔಷಧಿ ಪೂರ್ತಿ ತಗೊಂಡರೆ ಖಂಡಿತ ಗುಣವಾಗುತ್ತದೆಂದು ವೈದ್ಯರು ಹೇಳಿದ್ದರೂ ಅವಳು ಒಪ್ಪಿರಲಿಲ್ಲ. ಗಂಡ ಬದುಕಿರುವಾಗಲೇ ತಲೆ ಬೋಳಾಯಿತು ಎಂದು ಜನ ಆಡಿಕೊಳ್ಳುತ್ತಾರೆಂಬ ಭಯ. ವನಜಾಕ್ಷಿ ಮಾತೇ ಆಡದೆ, ಒಂದು ಮೊಳ ಕನಕಾಂಬರ ಎತ್ತಿ ತನ್ನ ಬೋಳುತಲೆಗೆ ಸುತ್ತ ಕಟ್ಟಿಕೊಂಡು, “ಹೆಂಗ್ ಕಾಣ್ತೀನಿ?” ಎಂದಳು. ಮಂಜಮ್ಮ ಬಿದ್ದು ಬಿದ್ದು ನಕ್ಕಳು, ಮೊಬೈಲಿನಲ್ಲಿ ಫೋಟೋ ಹಿಡಿದಳು, ಆ ವಾರವೇ ಆಸ್ಪತ್ರೆಗೆ ಹೋದಳು. ಈಗ ವನಜಾಕ್ಷಿ ಸತ್ತ ಮೇಲೆ ಅರ್ಧಕ್ಕೆ ಬಿಟ್ಟು ಮನೆಯೊಳಗೆ ಕೂತಿದ್ದಳು. ಔಷಧಿಯ ಒಂದು ಸರದಿ ಆಗಲೇ ತಪ್ಪಿತ್ತು. ಅವಳ ಗಂಡ ಮುತ್ತುರಾಜ್ ಮೊನ್ನೆ ಹೂವಿನ ಅಂಗಡಿಗೆ ಬಂದು, “ನನ್ನ ಮಾತು ಕೇಳಲ್ಲ ಕಣಕ್ಕ. ವನಜಕ್ಕನ ಫೋಟೋ ಹಾಕ್ತಾರಂತೆ, ಅದ್ನ ನೋಡಾಕಾದ್ರೂ ಬಾ ಅಂದಿದ್ದೀನಿ” ಎಂದು ಕಣ್ಣು ತುಂಬಿಕೊಂಡು ಹೋಗಿದ್ದ.

ಬಂದು ಏನನ್ನು ನೋಡುತ್ತಾಳೆ? ಈ ಸೊಂಟದುದ್ದದ ಜಡೆಯನ್ನೇ?

“ತೆಗಿ ಇದ್ನ,” ಎಂದಳು ಚಿಕ್ಕಹನುಮಕ್ಕ.

ನವಾಜ್ ಬೆಪ್ಪಾದ. “ಯಾವ್ದಮ್ಮಾ, ಗುಲಾಬೀನಾ?”

“ಕೂದ್ಲ ತೆಗಿ ನವಾಜಪ್ಪ. ನನ್ ಮಗ್ಳಿಗೆ ಎಲ್ಲೈತೆ ಕೂದ್ಲು?”

“ಏನವ್ವ ನೀನು,” ಎಂದ ಭೀಮರಾಜು. “ಬೋಳುತಲೆ ಫೋಟೋ ಒಂದೂ ಇರಬಾರ್ದು ಅಂತ ನನ್ ಫೋನಿಂದೆಲ್ಲ ಅಳಿಸ್ದೋಳು ನೀನೇ ಅಲ್ವಾ? ಈಗ ಎಲ್ಲಿಂದ ತರಾನ?”

ಅದೂ ನಿಜವೇ. ಚಿಕ್ಕಹನುಮಕ್ಕ ಮಗನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಅವನ ಫೋನು ಕಿತ್ತುಕೊಂಡು ನವಾಜನ ಕೈಲಿ ದೊಡ್ಡೇರಿಗೆ ಕರೆ ಮಾಡಿಸಿದಳು.

“ಆ ಫೋಟೋ ಕಳ್ಸು ಮಂಜಿ. ತಲೆಗೆ ಹೂ ಕಟ್ಕೊಂಡಿದ್ಲಲ್ಲ, ಅದು. ಬಸ್ ಸ್ಟ್ಯಾಂಡಿಗೆ ಹಾಕ್ಬೇಕು.”

“ಅದ್ನಾ? ಬ್ಯಾಡ ಕಣಕ್ಕ, ಎಲ್ರೂ ನೋಡ್ತಾರೆ.”

“ನೋಡ್ಲಿ. ಆಸ್ಪತ್ರೆಗ್ಯಾಕೆ ಹೋಗ್ನಿಲ್ಲ ನೀನು?”

“ಅಷ್ಟೆಲ್ಲ ಮಾಡಿಸ್ಕೊಂಡು ವನಜಕ್ಕನೇ ಉಳೀನಿಲ್ಲ. ನಾನ್ಯಾಕೆ ತಲೆ ಬೋಳಾಗಿ ಸಾಯ್ಲಿ?”

ತಿಂಗಳಿಂದ ಚಿಕ್ಕಹನುಮಕ್ಕನೂ ದೇವರನ್ನು ಕೇಳುತ್ತಿದ್ದದ್ದು ಹೆಚ್ಚುಕಡಿಮೆ ಇದನ್ನೇ. ಆದರೆ ದೇವರಿಗೆ ಬೈದಷ್ಟು ಹೊತ್ತು ಮಂಜಮ್ಮನಿಗೆ ಬೈಯುತ್ತಾ ಕೂರಲು ಪುರಸೊತ್ತಿರಲಿಲ್ಲ. “ಅವಳ್ದು ಮೈಯೆಲ್ಲ ಹಬ್ಬಿತ್ತು ಕಣೇ. ನಿಂದು ವಾಸಿ ಆಯ್ತದೆ ಅಂತ ಡಾಕ್ಟ್ರು ಅವಳೆದುರ್ಗೇ ಹೇಳವ್ರೆ. ನನ್ ಮಗ್ಳು ಜ್ವರದಾಗೆ ನಿನ್ ಕೈ ಹಿಡ್ಕೊಂಡು ಬಸ್ ಹತ್ತಿಸಿದ್ದು ಇದ್ಕೇನೇ?” ಎಂದವಳೇ ಫೋನನ್ನು ಮಗನ ಕೈಗೆ ತುರುಕಿದಳು.

ನವಾಜ್ ಎರಡು ಸಲ ಟೀ ತರಿಸಿದ ಮೇಲೆ ಫೋಟೋ ಬಂತು.

ಮರುದಿನ ಬೆಳಗ್ಗೆ ಫ್ಲೆಕ್ಸ್ ಕಟ್ಟಿದರು. ಬೋಳುತಲೆ, ಅದರ ಸುತ್ತ ಕನಕಾಂಬರ, ಹಲ್ಲೆಲ್ಲ ಕಾಣುವಂತೆ ನಗು. ಆಟೋದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಹನುಮಕ್ಕ ತಲೆ ಎತ್ತದೆ ಹೂ ಕಟ್ಟುತ್ತಿದ್ದಳು. ಮುತ್ತುರಾಜನ ಹಿಂದೆ ಮಂಜಮ್ಮ ಬಂದದ್ದು ಅವಳಿಗೆ ಗೊತ್ತಾಯಿತು. ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಕಂಬದ ಮರೆಗೆ ನಿಂತಿದ್ದಳು.

ಶಿರಾ ಬಸ್ಸಿಗೆ ಕಾಯುತ್ತಿದ್ದ ಯಾರೋ ಒಬ್ಬಳು ಹೂ ಕೊಳ್ಳಲು ಬಂದು ಮೇಲೆ ನೋಡಿದಳು. “ಮಗಳಾ ಅಕ್ಕ? ತಿರುಪ್ತಿಗೆ ಮುಡಿ ಕೊಟ್ಟಿದ್ಲಾ?”

ಮೂರು ವರ್ಷ ಹೇಳಿ ಹೇಳಿ ರೂಢಿಯಾಗಿದ್ದ ‘ಹೂಂ’ ಬಾಯಿಯ ತುದಿಗೇ ಬಂದಿತ್ತು. ಚಿಕ್ಕಹನುಮಕ್ಕ ಅರ್ಧ ಅಳೆದ ಮೊಳವನ್ನು ಹಾಗೇ ಹಿಡಿದಳು.

“ಇಲ್ಲ ಕಣಮ್ಮ. ಔಷ್ದಿಗೆ ಉದುರಿದ್ದು,” ಎಂದಳು, ಕಂಬದ ಹಿಂದಿನವಳಿಗೂ ಕೇಳುವಷ್ಟು ಗಟ್ಟಿಯಾಗಿ. “ಕ್ಯಾನ್ಸರ್ರು.”

ಆ ಹೆಂಗಸು ಹೂ ತಗೊಂಡು ಹೋದಳು. ಮಂಜಮ್ಮ ಮೆಲ್ಲಗೆ ಮೇಜಿನ ಮುಂದೆ ಬಂದಳು. ಸೆರಗು ಹೆಗಲಿಗೆ ಇಳಿದಿತ್ತು. “ನಂಗೂ ಒಂದ್ಮೊಳ ಕೊಡಕ್ಕ,” ಎಂದಳು.

“ಕೊಡ್ತೀನಿ. ಬುಧವಾರ ಮೊದಲ್ನೇ ಬಸ್ಸಿಗೆ ಬಂದ್ಬುಡು, ನಾನೂ ಬತ್ತೀನಿ. ತಡ ಮಾಡಿದ್ರೆ ಕಿಟಕಿ ಸೀಟು ಸಿಗಲ್ಲ, ನನ್ ಮೇಲೇ ವಾಂತಿ ಮಾಡ್ತೀಯ.” ಚಿಕ್ಕಹನುಮಕ್ಕ ಹೂ ಅಳೆದು ಕೊಟ್ಟು, ಮೊದಲ ಸಲ ತಲೆ ಎತ್ತಿ ಫ್ಲೆಕ್ಸ್ ಕಡೆ ನೋಡಿದಳು. “ಎಲ್ಲಾನೂ ನನ್ ತಲೆಗ್ ಕಟ್ಬುಟ್ಟು, ಹೆಂಗ್ ನಗ್ತಾಳೆ ನೋಡು.”